ಡೈನೊಮಟ್: ಕೈ ಚಾಚಿದರೆ ಯಜಮಾನನೇ ಸಿಗುವ ನಾಯಿ

ಮೂರನೆಯ ಸಂಜೆ ಮಗಳು ನನ್ನ ಕನ್ನಡವನ್ನು ತಿದ್ದಿದಳು. ಪರದೆಯ ಮೇಲೆ ನಾಯಿಯ ಎದೆ ಕಪಾಟಿನ ಬಾಗಿಲಿನಂತೆ ತೆರೆದುಕೊಂಡು, ಒಳಗಿನ ಯಂತ್ರದ ಭಾಗಗಳೆಲ್ಲ ಹೊರಗೆ ಚೆಲ್ಲಿದ್ದವು. “ನೋಡು, ಅದು ಮತ್ತೆ ಕೆಟ್ಟಿತು” ಎಂದೆ. “ಅದು ಅಲ್ಲ ಅಪ್ಪಾ, ಅವನು” ಎಂದಳು, ಪರದೆಯಿಂದ ಕಣ್ಣು ಕೀಳದೆ. ವ್ಯಾಕರಣದ ಲೆಕ್ಕದಲ್ಲಿ ನನ್ನ ಮಾತೇ ಸರಿ. ನಾಯಿಯೂ ನಪುಂಸಕಲಿಂಗ, ಯಂತ್ರವೂ ನಪುಂಸಕಲಿಂಗ. ಯಂತ್ರದ ನಾಯಿಯನ್ನು ‘ಅದು’ ಎನ್ನದೆ ಇನ್ನೇನನ್ನಬೇಕು? ಆದರೆ ಹತ್ತೊಂಬತ್ತು ಕಥೆಗಳನ್ನು ನೋಡಿ ಮುಗಿಸಿರುವ ಈ ಹೊತ್ತಿಗೆ ನನ್ನ ಬಾಯಲ್ಲಿಯೂ ‘ಅವನು’ ಎಂದೇ ಬರುತ್ತಿದೆ. ಈ ಬರಹದಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಕಾರ್ಟೂನಿನ ಪೂರ್ಣ ಹೆಸರು ‘ಡೈನೊಮಟ್, ಡಾಗ್ ವಂಡರ್’. ಹನ್ನಾ-ಬಾರ್ಬೆರಾ ಸಂಸ್ಥೆಯ ತಯಾರಿಕೆ. 1976ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ, ಶನಿವಾರ ಬೆಳಗ್ಗೆ ಮಕ್ಕಳಿಗಾಗಿ ಮೀಸಲಿಟ್ಟ ಹೊತ್ತಿನಲ್ಲಿ ಶುರುವಾಯಿತು. ಒಂದು ಗಂಟೆಯ ಕಾರ್ಯಕ್ರಮದಲ್ಲಿ ಅರ್ಧ ಸ್ಕೂಬಿ-ಡೂ ಎಂಬ ಇನ್ನೊಂದು ನಾಯಿಯ ಕಾರ್ಟೂನು, ಇನ್ನರ್ಧ ಡೈನೊಮಟ್. ಸ್ಕೂಬಿಯನ್ನು 1969ರಲ್ಲಿ ರೂಪಿಸಿದ್ದ ಜೋ ರೂಬಿ ಮತ್ತು ಕೆನ್ ಸ್ಪಿಯರ್ಸ್ ಜೋಡಿಯೇ ಈ ಯಂತ್ರದ ನಾಯಿಯನ್ನೂ ಹುಟ್ಟುಹಾಕಿತು. ಮೊದಲ ವರ್ಷ ಹದಿನಾರು ಕಥೆಗಳು ಬಂದವು, ಮರುವರ್ಷ ಇನ್ನು ನಾಲ್ಕು. ಅಲ್ಲಿಗೆ ಮುಗಿಯಿತು. ಇಷ್ಟು ಚಿಕ್ಕದಾಗಿರುವುದು ಒಂದು ರೀತಿಯಲ್ಲಿ ಅನುಕೂಲವೇ ಆಯಿತು. ಶಾಲೆಯ ಮನೆಗೆಲಸ ಮುಗಿದ ಮೇಲೆ ಸಂಜೆಗೊಂದರಂತೆ ನೋಡಿದರೆ ತಿಂಗಳೊಳಗೆ ಇಡೀ ಸರಣಿ ಮುಗಿಯುತ್ತದೆ. ನಾವು ಮಾಡಿದ್ದೂ ಅದನ್ನೇ.

ಹೆಸರಿನ ಅರ್ಥವನ್ನು ಮಗಳಿಗೆ ಬಿಡಿಸಿ ಹೇಳಬೇಕಾಯಿತು. ‘ಮಟ್’ ಎಂದರೆ ನಮ್ಮ ಕಂತ್ರಿನಾಯಿ, ಜಾತಿಯ ಹೆಗ್ಗಳಿಕೆಯಿಲ್ಲದ್ದು. ‘ಡಾಗ್ ವಂಡರ್’ ಎಂಬ ಬಿರುದು ಬ್ಯಾಟ್‌ಮ್ಯಾನ್‌ನ ಜತೆಗಾರ ರಾಬಿನ್‌ಗಿದ್ದ ‘ಬಾಯ್ ವಂಡರ್’ ಎಂಬುದರ ನೆರಳು. ನಾಯಿ ಎಡವಟ್ಟು ಮಾಡಿದಾಗಲೆಲ್ಲ ಯಜಮಾನ ಆ ಬಿರುದಿನ ಒಂದೆರಡು ಅಕ್ಷರ ತಿರುಚಿ ‘ಡಾಗ್ ಬ್ಲಂಡರ್’ ಎನ್ನುತ್ತಾನೆ. ವಂಡರ್, ಬ್ಲಂಡರ್. ಈ ಪ್ರಾಸವನ್ನು ಕನ್ನಡದಲ್ಲಿ ಹೇಗೆ ಹೇಳುವುದೆಂದು ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಹೊಳೆದದ್ದು ‘ಅದ್ಭುತ ನಾಯಿ, ಅವಾಂತರ ನಾಯಿ’. ಮಗಳು ಎರಡನೆಯದನ್ನು ಕೂಡಲೇ ಹಿಡಿದುಕೊಂಡಳು. ಈಗ ನಮ್ಮ ಮನೆಯಲ್ಲಿ ಆ ಕಾರ್ಟೂನಿನ ಹೆಸರೇ ‘ಅವಾಂತರ’.

ಕಥೆ ನಡೆಯುವ ಊರಿನ ಹೆಸರು ಬಿಗ್ ಸಿಟಿ. ಅಲ್ಲಿ ರಾಡ್ಲಿ ಕ್ರೌನ್ ಎಂಬ ಕೋಟ್ಯಧೀಶ, ಕಲಾಕೃತಿಗಳ ವ್ಯಾಪಾರಿ. ಅಪಾಯದ ಸುದ್ದಿ ಬಂದೊಡನೆ ಮುಖವಾಡ, ಮೇಲಂಗಿ ತೊಟ್ಟು ಬ್ಲೂ ಫಾಲ್ಕನ್ ಆಗುತ್ತಾನೆ. ಗುಪ್ತ ನೆಲೆಯಿದೆ, ಫಾಲ್ಕನ್‌ಕಾರ್ ಇದೆ, ಪರದೆಯ ಮೇಲೆ ಕಾಣಿಸಿಕೊಂಡು ಎಚ್ಚರಿಕೆ ಕೊಡುವ ಫೋಕಸ್ ಒನ್ ಎಂಬ ಗುಪ್ತಚರನಿದ್ದಾನೆ. 1966ರಿಂದ 1968ರವರೆಗೆ ಇದೇ ಎಬಿಸಿಯಲ್ಲಿ ಬರುತ್ತಿದ್ದ ಬ್ಯಾಟ್‌ಮ್ಯಾನ್ ಧಾರಾವಾಹಿಯನ್ನು ನೋಡಿದವರಿಗೆ ಇದೆಲ್ಲ ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ. ಧನಿಕನ ವೇಷವೂ ಅದೇ, ಕಾರೂ ಅದೇ, ಗುಪ್ತ ನೆಲೆಯೂ ಅದೇ. ಒಂದು ಮಾತ್ರ ಬೇರೆ: ರಾಬಿನ್ ಕುಳಿತುಕೊಳ್ಳುತ್ತಿದ್ದ ಜಾಗದಲ್ಲಿ ಒಂದು ಯಂತ್ರದ ನಾಯಿ ಕುಳಿತಿದೆ. ಯಜಮಾನನನ್ನು ಸಲಿಗೆಯಿಂದ ‘ಬಿ.ಎಫ್.’ ಎಂದು ಹೆಸರಿನ ಮೊದಲಕ್ಷರಗಳಲ್ಲಿ ಕರೆಯುತ್ತದೆ, ಕರೆಯುತ್ತಾನೆ.

ಡೈನೊಮಟ್‌ನ ಶಕ್ತಿ ಏನೆಂದರೆ, ಅವನ ಕೈಕಾಲು, ಕತ್ತು ಎಷ್ಟು ದೂರಕ್ಕೆ ಬೇಕಾದರೂ ಉದ್ದವಾಗುತ್ತವೆ. ಮೈಯೊಳಗಿನಿಂದ ಬಗೆಬಗೆಯ ಸಲಕರಣೆಗಳು ಹೊರಬರುತ್ತವೆ. ಅವನ ತೊಂದರೆಯೂ ಅದೇ. ಬೇಕಾದದ್ದು ಬೇಕಾದ ಹೊತ್ತಿಗೆ ಬರುವುದಿಲ್ಲ.

ಪದೇಪದೇ ಬರುವ ಒಂದು ಬಗೆಯ ದೃಶ್ಯವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕಾರ್ಟೂನಿನ ಜೀವ ಇರುವುದು ಅದರಲ್ಲಿಯೇ. ಕಳ್ಳ ಓಡುತ್ತಿರುತ್ತಾನೆ. ಅವನನ್ನು ಹಿಡಿಯುವಂತೆ ಬ್ಲೂ ಫಾಲ್ಕನ್ ಗಂಭೀರ ದನಿಯಲ್ಲಿ ಅಪ್ಪಣೆ ಕೊಡುತ್ತಾನೆ. ಡೈನೊಮಟ್‌ಗೆ ಎಲ್ಲಿಲ್ಲದ ಹುಮ್ಮಸ್ಸು. ಕೈ ಚಾಚುತ್ತಾನೆ. ಕೈ ಉದ್ದವಾಗುತ್ತದೆ, ಇನ್ನೂ ಉದ್ದವಾಗುತ್ತದೆ, ಬೀದಿಯ ತಿರುವಿನಾಚೆ ಹೋಗಿ ಕಣ್ಮರೆಯಾಗುತ್ತದೆ. ಒಂದು ಕ್ಷಣ ಪರದೆಯ ಮೇಲೆ ಏನೂ ನಡೆಯುವುದಿಲ್ಲ. ನಾಯಿಯ ಮುಖದಲ್ಲಿ ಕೆಲಸ ಕೈಗೂಡಿತೆಂಬ ತೃಪ್ತಿ ಮಾತ್ರ ಕಾಣುತ್ತದೆ. ಏನೋ ಸಿಕ್ಕಿದೆ, ಗಟ್ಟಿಯಾಗಿ ಹಿಡಿದಿದ್ದಾನೆ. ಎಳೆಯುತ್ತಾನೆ. ಎಳೆದು ತಂದದ್ದು ಬ್ಲೂ ಫಾಲ್ಕನ್‌ನನ್ನು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಚಿತ್ರವನ್ನು ನಾನು ನೋಡಿಲ್ಲ.

ಮಗಳು ನಗುವುದು ಯಾವ ಗಳಿಗೆಯಲ್ಲಿ ಎಂದು ಗಮನಿಸಿದೆ. ಯಜಮಾನ ಸಿಕ್ಕಿಬಿದ್ದು ಹೊರಬರುವಾಗ ನಗುವುದಿಲ್ಲ, ಅದಕ್ಕಿಂತ ಮೊದಲೇ, ಪರದೆ ಖಾಲಿಯಾಗಿ ನಾಯಿ ತೃಪ್ತಿಯಿಂದ ನಿಂತಿರುವ ಆ ಒಂದು ಕ್ಷಣದಲ್ಲಿ ನಗುತ್ತಾಳೆ. ಏನಾಗಲಿದೆ ಎಂಬುದು ಅವಳಿಗೆ ಗೊತ್ತು, ನಾಯಿಗೆ ಗೊತ್ತಿಲ್ಲ. ಏಳು ವರ್ಷದ ಮಗುವಿಗೆ ತನಗಿಂತ ಕಡಿಮೆ ತಿಳಿದವನೊಬ್ಬ ಸಿಗುವುದು ಅಪರೂಪ. ಅಂಥವನೊಬ್ಬ ಸೂಪರ್‌ಹೀರೋನ ಪಕ್ಕದಲ್ಲಿ ನಿಂತಿದ್ದರೆ ಆ ಖುಷಿ ಇನ್ನೂ ದೊಡ್ಡದು.

ಆ ಉದ್ದನೆಯ ಕೈಯ ಹಿಂದೆ ಹಣದ ಲೆಕ್ಕವೂ ಇದೆಯೆಂದು ನನಗನ್ನಿಸುತ್ತದೆ. ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ ಮೊದಲು ಎಂಜಿಎಂ ಸ್ಟುಡಿಯೋದಲ್ಲಿ ಟಾಮ್ ಅಂಡ್ ಜೆರ್ರಿ ಮಾಡುತ್ತಿದ್ದವರು. ಅದಕ್ಕೆ ಏಳು ಆಸ್ಕರ್ ಪ್ರಶಸ್ತಿಗಳು ಬಂದವು. 1957ರಲ್ಲಿ ಆ ಸ್ಟುಡಿಯೋ ಕಾರ್ಟೂನ್ ವಿಭಾಗವನ್ನು ಮುಚ್ಚಿದಾಗ ಇಬ್ಬರೂ ಸ್ವಂತ ಸಂಸ್ಥೆ ಕಟ್ಟಿ ದೂರದರ್ಶನಕ್ಕಾಗಿ ಕೆಲಸ ಆರಂಭಿಸಿದರು. ಸಿನಿಮಾಕ್ಕೆ ಸಿಗುತ್ತಿದ್ದ ಹಣ ಅಲ್ಲಿ ಸಿಗುತ್ತಿರಲಿಲ್ಲ. ಹಾಗಾಗಿ ಚಿತ್ರಗಳನ್ನು ಕಡಿಮೆ ಮಾಡಿದರು: ಮೈ ನಿಶ್ಚಲ, ತಲೆ ಮತ್ತು ಬಾಯಿ ಮಾತ್ರ ಆಡುತ್ತವೆ. ಅವರ ಇನ್ನೊಂದು ಕಾರ್ಟೂನಿನ ಯೋಗಿ ಕರಡಿಯ ಕೊರಳಿಗೆ ಕಾಲರ್ ಮತ್ತು ಟೈ ಇರುವುದು ಏಕೆಂದು ಮಗಳಿಗೆ ಹೇಳಿದಾಗ ಅವಳು ಬೆರಗಾದಳು. ತಲೆಯನ್ನು ಮಾತ್ರ ಬೇರೆಯಾಗಿ ಬರೆದು ಜೋಡಿಸಿದರೆ ಆ ಜೋಡಣೆಯ ಗೆರೆ ಕಾಲರಿನ ಹಿಂದೆ ಮರೆಯಾಗುತ್ತದೆ. ಇಂಥ ಮಿತವ್ಯಯದ ಕಾರ್ಟೂನಿಗೆ ಡೈನೊಮಟ್‌ನ ಕೈ ಹೇಳಿ ಮಾಡಿಸಿದಂತಿದೆ. ನಾಯಿಯ ಮೈಯನ್ನು ಓಡಿಸಬೇಕಾಗಿಲ್ಲ. ಎರಡು ಗೆರೆಗಳನ್ನು ಉದ್ದಕ್ಕೆ ಎಳೆದರೆ ಸಾಕು, ಇಡೀ ಬೀದಿ ದಾಟಿಬಿಡುತ್ತಾನೆ. ಇಲ್ಲದ್ದನ್ನೇ ಗುಣವಾಗಿ ಮಾರ್ಪಡಿಸಿದ ಆ ಕಲಾವಿದರ ಬಗ್ಗೆ ನನಗೆ ನಿಜವಾದ ಗೌರವವಿದೆ.

ಆದರೂ ಗೆರೆಗಳಿಗಿಂತ ದನಿಗಳ ಬಗ್ಗೆ ಹೆಚ್ಚು ಹೇಳಬೇಕು. ಬ್ಲೂ ಫಾಲ್ಕನ್‌ಗೆ ದನಿ ಕೊಟ್ಟವರು ಗ್ಯಾರಿ ಓವೆನ್ಸ್. ‘ಲಾಫ್-ಇನ್’ ಎಂಬ ಹಾಸ್ಯ ಕಾರ್ಯಕ್ರಮದಲ್ಲಿ ಅಂಗೈಯನ್ನು ಕಿವಿಗೆ ಒತ್ತಿಕೊಂಡು, ಗುಡುಗಿನಂಥ ದನಿಯಲ್ಲಿ ಪ್ರಕಟಣೆ ಹೇಳುತ್ತಿದ್ದ ನಿರೂಪಕ. ಅದಕ್ಕೂ ಮೊದಲು, 1966ರಲ್ಲಿ, ಇದೇ ಹನ್ನಾ-ಬಾರ್ಬೆರಾದ ಸ್ಪೇಸ್ ಘೋಸ್ಟ್ ಎಂಬ ಸೂಪರ್‌ಹೀರೋನ ದನಿಯೂ ಅವರದೇ ಆಗಿತ್ತು. ಅಂದರೆ ಬ್ಲೂ ಫಾಲ್ಕನ್ ಪಾತ್ರಕ್ಕೆ ಬರುವ ಹೊತ್ತಿಗೆ ಗಂಭೀರ ಸೂಪರ್‌ಹೀರೋ ಹೇಗೆ ಮಾತನಾಡಬೇಕೆಂಬುದು ಅವರಿಗೆ ಕರತಲಾಮಲಕ. ಅವರು ಎಲ್ಲಿಯೂ ಹಾಸ್ಯಕ್ಕೆ ಇಳಿಯುವುದಿಲ್ಲ. ತಲೆಕೆಳಗಾಗಿ ನೇತಾಡುತ್ತಿದ್ದಾಗಲೂ ಆ ದನಿಯ ಘನತೆ ಇಳಿಯುವುದಿಲ್ಲ. ಮುಖವಾಡದ ಸಾಹಸಿಯೂ ನಕ್ಕುಬಿಟ್ಟಿದ್ದರೆ ನಾಯಿಯ ತಪ್ಪು ತಪ್ಪಾಗಿಯೇ ಕಾಣುತ್ತಿರಲಿಲ್ಲ. ನೇರವಾದ ಗೋಡೆಯಿದ್ದರಲ್ಲವೇ ಅದಕ್ಕೊರಗಿದ್ದು ಜಾರುವುದು ಕಾಣುವುದು! ಕಥೆ ಎಷ್ಟೇ ತೆಳ್ಳಗಿದ್ದರೂ ನಾನು ಪ್ರತಿ ಸಂಜೆ ಕುಳಿತು ನೋಡಿದ್ದಕ್ಕೆ ಮುಖ್ಯ ಕಾರಣ ಆ ದನಿ.

ನಾಯಿಯ ದನಿ ಫ್ರಾಂಕ್ ವೆಲ್ಕರ್ ಅವರದು. ಸ್ಕೂಬಿ-ಡೂ ಬಳಗದ ಫ್ರೆಡ್‌ಗೂ 1969ರಿಂದ ಅವರದೇ ದನಿ. ಒಂದೇ ಗಂಟೆಯ ಕಾರ್ಯಕ್ರಮದ ಒಂದು ಅರ್ಧದಲ್ಲಿ ಅಚ್ಚುಕಟ್ಟಾದ ತರುಣ, ಇನ್ನೊಂದು ಅರ್ಧದಲ್ಲಿ ಮಾತಿನ ನಡುವೆ ತಾನೇ ನಕ್ಕುಬಿಡುವ ಯಂತ್ರದ ನಾಯಿ. ಎರಡೂ ಒಂದೇ ಗಂಟಲಿನಿಂದ ಬಂದವೆಂದು ನಂಬಲು ಕಷ್ಟ. ಮೊದಲ ವರ್ಷದ ಮೂರು ಕಥೆಗಳಲ್ಲಿ ಸ್ಕೂಬಿಯ ಬಳಗವೇ ಬಿಗ್ ಸಿಟಿಯ ಸಾಹಸಕ್ಕೆ ಜತೆಯಾಗುತ್ತದೆ. ಕಣ್ಣು ಮುಚ್ಚಿ ಕೇಳಿ ನೋಡಿ ಎಂದು ಮಗಳಿಗೆ ಆಟ ಕಟ್ಟಿದೆ: ಫ್ರೆಡ್ ಯಾರು, ನಾಯಿ ಯಾರು? ಒಮ್ಮೆಯೂ ತಪ್ಪಲಿಲ್ಲ. ಇಬ್ಬರೂ ಒಬ್ಬರೇ ಎಂದು ಹೇಳಿದಾಗ ನಂಬದೆ, ಸುಳ್ಳು ಹೇಳುತ್ತಿದ್ದೀಯೆಂದು ಜಗಳಕ್ಕೇ ನಿಂತಳು.

ಇಂಥ ಎಡವಟ್ಟು ನಾಯಿಯೊಂದು ಸೂಪರ್‌ಹೀರೋನ ಪಕ್ಕಕ್ಕೆ ಬಂದದ್ದರ ಹಿಂದೆ ಆ ಕಾಲದ ಒಂದು ಕಾರಣವಿದೆ. 1966, 1967ರ ಹೊತ್ತಿಗೆ ಅಮೆರಿಕದ ಶನಿವಾರದ ಬೆಳಗುಗಳಲ್ಲಿ ಸಾಹಸಿಗಳ ಕಾದಾಟವೇ ತುಂಬಿಕೊಂಡಿತ್ತು. ಮಕ್ಕಳ ಕಾರ್ಯಕ್ರಮಗಳಲ್ಲಿ ಹಿಂಸೆ ಹೆಚ್ಚಾಯಿತೆಂದು ತಂದೆತಾಯಂದಿರು ದನಿಯೆತ್ತಿದರು. 1968ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಪೆಗ್ಗಿ ಚಾರೆನ್ ಮೊದಲಾದವರು ‘ಆ್ಯಕ್ಷನ್ ಫಾರ್ ಚಿಲ್ಡ್ರನ್ಸ್ ಟೆಲಿವಿಷನ್’ ಎಂಬ ಸಂಘಟನೆ ಕಟ್ಟಿದರು. ವಾಹಿನಿಗಳು ಹೊಡೆದಾಟದ ಕಾರ್ಟೂನುಗಳನ್ನು ಒಂದೊಂದಾಗಿ ಹಿಂದಕ್ಕೆ ತೆಗೆದವು. ಎಪ್ಪತ್ತರ ದಶಕದ ಸೂಪರ್‌ಹೀರೋ ಮತ್ತೆ ತೆರೆಗೆ ಬರಬೇಕಾದರೆ ಮುಷ್ಟಿಯನ್ನು ಬಿಟ್ಟು ಬೇರೇನಾದರೂ ತರಬೇಕಿತ್ತು. ಇಲ್ಲಿ ಆ ಬೇರೇನಾದರೂ ಡೈನೊಮಟ್. ಅವನು ಮುಗ್ಗರಿಸಿದಾಗ ಕಥೆಗೆ ಬೇಕಾದ ಧಡಧಡ ಸದ್ದು, ಬೀಳುವುದು, ಉರುಳುವುದು ಎಲ್ಲ ಸಿಗುತ್ತದೆ, ಆದರೆ ಯಾರೂ ಯಾರಿಗೂ ಹೊಡೆದಿರುವುದಿಲ್ಲ. ಮಲಗುವ ಮುನ್ನ ಮಗುವಿಗೆ ನೆಮ್ಮದಿಯಿಂದ ತೋರಿಸಬಹುದಾದ ಸಾಹಸದ ಕಾರ್ಟೂನುಗಳನ್ನು ನಾನು ಸಾಕಷ್ಟು ಹುಡುಕಿದ್ದೇನೆ. ಈ ಒಂದು ವಿಷಯದಲ್ಲಿ ಹಳೆಯದೇ ಗೆದ್ದಿತು.

ಕೊರತೆಗಳೂ ಇವೆ, ಸಣ್ಣವಲ್ಲ. ಕೇಡಿಗರು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದಾರೆ. ವಿಚಿತ್ರ ಹೆಸರು, ವಿಚಿತ್ರ ವೇಷ, ಒಂದು ದರೋಡೆ, ಒಂದು ಬೆನ್ನಟ್ಟುವಿಕೆ. ದಿನಕ್ಕೆ ಎರಡು ಕಂತು ನೋಡಿದರೆ ಎರಡನೆಯದು ಮೊದಲನೆಯದರ ಪ್ರತಿಯಂತೆ ಕಾಣುತ್ತದೆ. ಆದ್ದರಿಂದಲೇ ದಿನಕ್ಕೊಂದೇ ನೋಡಿ ಎನ್ನುತ್ತೇನೆ. ಕಥೆಗಳ ಶೀರ್ಷಿಕೆಗಳಲ್ಲಿ ಇರುವಷ್ಟು ಚುರುಕು ಕಥೆಗಳಲ್ಲಿ ಇರುವುದಿಲ್ಲ ಎಂಬುದು ನನ್ನ ದೊಡ್ಡ ಬೇಸರ. ‘ಟಿನ್ ಕಾಂಗ್’, ‘ದಿ ವಿಝರ್ಡ್ ಆಫ್ ಊಝ್’, ‘ಎವ್ರಿವನ್ ಹೈಡ್!’ ಎಂಬ ಹೆಸರುಗಳನ್ನು ನೋಡಿ. ಒಂದು ಕಿಂಗ್ ಕಾಂಗ್‌ನನ್ನು ತಗಡಿನಲ್ಲಿ ಮಾಡಿದೆ, ಇನ್ನೊಂದು ಆಝ್‌ನ ಮಾಂತ್ರಿಕನನ್ನು ಕೆಸರಿಗೆ ಇಳಿಸಿದೆ, ಮೂರನೆಯದು ಜೆಕಿಲ್-ಹೈಡ್ ಕಥೆಯ ಹೈಡ್‌ನನ್ನೂ ‘ಅಡಗಿಕೊಳ್ಳಿ’ ಎಂಬ ಕೂಗನ್ನೂ ಒಂದೇ ಮಾತಿನಲ್ಲಿ ಕೂಡಿಸಿದೆ. ಮೊದಲು ಸೋತ ಕೇಡಿಗರು ಒಟ್ಟಾಗುವ ಕಥೆಯ ಹೆಸರು ‘ಇನ್‌ಜಸ್ಟಿಸ್ ಲೀಗ್ ಆಫ್ ಅಮೆರಿಕ’. ಜಸ್ಟಿಸ್ ಲೀಗ್ ಎಂಬ ಸೂಪರ್‌ಹೀರೋಗಳ ಕೂಟ ಗೊತ್ತಿರುವ ಮಕ್ಕಳು ಹೆಸರು ಕೇಳಿಯೇ ನಗುತ್ತಾರೆ. ಕನ್ನಡದಲ್ಲಿ ಯೋಚಿಸುವ ಮಗುವಿಗೆ ಪಕ್ಕದಲ್ಲಿ ಕುಳಿತು ಇದನ್ನೆಲ್ಲ ಬಿಡಿಸಿ ಹೇಳುವವರು ಬೇಕು. ರಿಮೋಟ್ ಕೊಟ್ಟು ಎದ್ದು ಹೋದರೆ ಅರ್ಧ ಸೊಗಸು ಕಳೆದುಹೋಗುತ್ತದೆ.

ಇನ್ನೊಂದು ಕೊರತೆಯನ್ನು ತೋರಿಸಿಕೊಟ್ಟವಳು ಮಗಳು. “ಇಲ್ಲಿ ಹುಡುಗಿಯರೆಲ್ಲ ಕೆಟ್ಟವರೇ ಏಕೆ?” ಎಂದು ಕೇಳಿದಳು. ಕ್ವೀನ್ ಹಾರ್ನೆಟ್, ಬೀಸ್ಟ್‌ವುಮನ್, ಮೇಡಂ ಏಪ್ ಫೇಸ್. ಹೌದಲ್ಲ! ಸ್ಕೂಬಿ ಬಳಗದ ಡ್ಯಾಫ್ನಿ, ವೆಲ್ಮಾ ಬರುವ ಕಥೆಗಳನ್ನು ಬಿಟ್ಟರೆ ನೆನಪಿನಲ್ಲಿ ಉಳಿಯುವ ಹೆಣ್ಣೆಂದರೆ ಕೇಡಿಗಳೇ. ಬ್ಲೂ ಫಾಲ್ಕನ್‌ನ ಕಡೆಯಲ್ಲಿ ಮಾತಿಗೆ ನಿಲ್ಲುವ ಒಬ್ಬ ಹೆಣ್ಣುಮಗಳಿಲ್ಲ. ಆ ಕಾಲವೇ ಹಾಗಿತ್ತು ಎಂದು ಹೇಳಿ ಸುಮ್ಮನಾಗಲು ನನ್ನ ಮನಸ್ಸು ಒಪ್ಪಲಿಲ್ಲ. ಅವಳ ಪ್ರಶ್ನೆ ಸರಿಯಾಗಿದೆ, ಮಾಡಿದವರು ಯೋಚಿಸಬೇಕಾಗಿತ್ತು ಎಂದೇ ಹೇಳಿದೆ.

ಎರಡನೆಯ ವರ್ಷದ ನಾಲ್ಕು ಕಥೆಗಳು ‘ಸ್ಕೂಬೀಸ್ ಆಲ್-ಸ್ಟಾರ್ ಲಾಫ್-ಎ-ಲಿಂಪಿಕ್ಸ್’ ಎಂಬ ಎರಡು ಗಂಟೆಯ ಕಾರ್ಯಕ್ರಮದೊಳಗೆ ಸೇರಿಕೊಂಡವು. ಒಂದೊಂದನ್ನೂ ಎರಡು ಭಾಗ ಮಾಡಿದ್ದಾರೆ. ಅವು ಮೊದಲ ವರ್ಷದವುಗಳಷ್ಟು ನನಗೆ ಹಿಡಿಸಲಿಲ್ಲ. ಮಧ್ಯದಲ್ಲಿ ಕತ್ತರಿಸಿದಾಗ ಎಡವಟ್ಟಿನ ಲಯವೂ ಕತ್ತರಿಸಿಹೋಗುತ್ತದೆ.

ಈಗ ಮಗಳ ಇನ್ನೊಂದು ಪ್ರಶ್ನೆ. ಒಂಬತ್ತನೆಯದೋ ಹತ್ತನೆಯದೋ ಕಥೆ ನೋಡುತ್ತಿದ್ದಾಗ ಕೇಳಿದಳು: “ಬಿ.ಎಫ್. ಹತ್ತಿರ ಅಷ್ಟೊಂದು ದುಡ್ಡಿದೆಯಲ್ಲ, ಇವನನ್ನು ಏಕೆ ರಿಪೇರಿ ಮಾಡಿಸುವುದಿಲ್ಲ?” ನಾನು ಉತ್ತರ ಹುಡುಕುತ್ತಿರುವಾಗಲೇ ಅವಳೇ ಮುಂದುವರಿಸಿದಳು: “ಇಲ್ಲವಾದರೆ ಹೊಸದು ತರಬಹುದಿತ್ತು.” ಆ ಸಂಜೆಯಿಂದ ನಾನು ಬ್ಲೂ ಫಾಲ್ಕನ್‌ನನ್ನೇ ನೋಡತೊಡಗಿದೆ. ಅವನು ನಿಟ್ಟುಸಿರು ಬಿಡುತ್ತಾನೆ, ಗೊಣಗುತ್ತಾನೆ, ‘ಡಾಗ್ ಬ್ಲಂಡರ್’ ಎನ್ನುತ್ತಾನೆ. ಆದರೆ ಫೋಕಸ್ ಒನ್‌ನ ಕರೆ ಬಂದಾಗ ನಾಯಿಯನ್ನು ಬಿಟ್ಟು ಹೊರಡುವುದಿಲ್ಲ. ಕಾರಿನಲ್ಲಿ ಪಕ್ಕದ ಸೀಟು ಅವನದೇ. ಹಿಂದಿನ ಕಥೆಯ ಅವಾಂತರವನ್ನು ಮುಂದಿನ ಕಥೆಯಲ್ಲಿ ಎತ್ತಿ ಆಡುವುದೂ ಇಲ್ಲ. ನಾಯಿಯೂ ಅಷ್ಟೆ, ನಿನ್ನೆ ಕೈ ತಪ್ಪಿತೆಂದು ಇಂದು ಕೈ ಚಾಚಲು ಹಿಂಜರಿಯುವುದಿಲ್ಲ. ಅಪ್ಪಣೆ ಮುಗಿಯುವ ಮೊದಲೇ ಹೊರಟಿರುತ್ತಾನೆ.

ಮಗಳ ಕೈ ಸ್ವಲ್ಪ ಅವಸರದ್ದು. ಲೋಟ, ಕಂಪಾಸ್ ಪೆಟ್ಟಿಗೆ, ಬಣ್ಣದ ನೀರಿನ ಬಟ್ಟಲು, ಏನಾದರೊಂದು ದಿನಕ್ಕೊಮ್ಮೆ ನೆಲ ಕಾಣುತ್ತದೆ. ಈಚೆಗೊಂದು ಸಂಜೆ ಅವಳ ಅಮ್ಮನಿಗೆ ಪ್ರಿಯವಾಗಿದ್ದ ಪಿಂಗಾಣಿ ಬಟ್ಟಲು ಒಡೆಯಿತು. ನಾನು ಬೈಯಲು ಬಾಯಿ ತೆರೆದಿದ್ದೆ. ಅವಳು ಚೂರುಗಳ ನಡುವೆ ನಿಂತು, ಎರಡೂ ಕೈಗಳನ್ನು ಮುಂದಕ್ಕೆ ಚಾಚಿಯೇ ಇಟ್ಟುಕೊಂಡು, ಗ್ಯಾರಿ ಓವೆನ್ಸ್‌ರ ಗಡಸು ದನಿಯಲ್ಲಿ “ಅವಾಂತರ ನಾಯಿ” ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ನನ್ನ ಮುಖ ನೋಡಿದಳು. ಅಳು ಗಂಟಲಿನಲ್ಲಿ ಇತ್ತು. ನಾನು ಚೂರುಗಳನ್ನು ಆರಿಸಿದೆ. ನೆಲ ಒರೆಸುವ ಬಟ್ಟೆ ತರಲು ಅವಳನ್ನೇ ಕಳುಹಿಸಿದೆ. ತಂದಳು.

ಆದ್ದರಿಂದಲೇ 2020ರ ‘ಸ್ಕೂಬ್!’ ಚಲನಚಿತ್ರದಲ್ಲಿ ಇವರಿಬ್ಬರನ್ನು ನೋಡಿದಾಗ ನನಗೆ ನೋವಾಯಿತು. ಅಲ್ಲಿ ಮೂಲ ಬ್ಲೂ ಫಾಲ್ಕನ್‌ನ ಮಗ ಬ್ರಯಾನ್ ಮುಖವಾಡ ತೊಟ್ಟಿದ್ದಾನೆ, ಪೊಳ್ಳು ಜಂಬದವನು. ನಾಯಿಯೇ ಜಾಣ, ನಾಯಿಯೇ ಬೇಸತ್ತವನು. ಅದಲುಬದಲು ಮಾಡುವ ಉಪಾಯ ಕೇಳಲು ಚೆನ್ನಾಗಿದೆ. ಆದರೆ ತಪ್ಪು ಮಾಡದ ಡೈನೊಮಟ್‌ನಲ್ಲಿ ನನಗೆ ಡೈನೊಮಟ್ ಕಾಣಲಿಲ್ಲ. ಮಗಳು ಅರ್ಧಕ್ಕೇ ಎದ್ದು ಹೋಗಿ ಹಳೆಯದನ್ನು ಹಾಕೆಂದಳು.

ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ಇದನ್ನು ಧಾರಾಳವಾಗಿ ತೋರಿಸಬಹುದು. ಅದಕ್ಕಿಂತ ದೊಡ್ಡವರಿಗೆ ಕಥೆ ಸಪ್ಪೆಯೆನಿಸೀತು. ಸ್ಕೂಬಿಯ ಪರಿಚಯವಿರುವ ಮಗುವಾದರೆ ‘ಎವ್ರಿವನ್ ಹೈಡ್!’ನಿಂದ ಆರಂಭಿಸಿ, ಹಳೆಯ ಗೆಳೆಯರ ಜತೆಯಲ್ಲಿ ಹೊಸಬನ ಪರಿಚಯವಾಗುತ್ತದೆ. ಪಕ್ಕದಲ್ಲಿ ಕುಳಿತುಕೊಳ್ಳಿ. ಬಣ್ಣ ಮಾಸಿದೆಯೆಂದು, ಓಡುವಾಗ ಹಿಂದಿನ ಅದೇ ಕಟ್ಟಡಗಳು ಮತ್ತೆ ಮತ್ತೆ ಬರುತ್ತವೆಯೆಂದು ಗೊಣಗಬೇಡಿ, ಮಕ್ಕಳಿಗೆ ಅದು ಕಾಣುವುದಿಲ್ಲ.

ನಮಗಿನ್ನು ಒಂದು ಕಥೆ ಬಾಕಿಯಿದೆ. ಕಳೆದ ವಾರವೇ ಮುಗಿಸಬಹುದಿತ್ತು. ಇವತ್ತು ಬೇಡ, ನಾಳೆ ನೋಡೋಣ ಎಂದು ಮಗಳು ನಾಲ್ಕು ಸಂಜೆಗಳಿಂದ ಮುಂದೂಡುತ್ತಿದ್ದಾಳೆ. ನಾನೂ ಒತ್ತಾಯಿಸಿಲ್ಲ.